ಅಪ್ಪನ ತಂಗಿಯ ಮಗಳು: ಸಂಬಂಧಗಳ ಜೋಡಣೆಯಿಂದ ಪ್ರೊಫಂಕ್ಟರ್‌ವರೆಗೆ

(ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಉಪನ್ಯಾಸದ ಬರಹರೂಪ. ಕೊನೆಯ ಭಾಗ ಸಂವಾದದಿಂದ ಆಯ್ದದ್ದು.)

ವಿಷಯದ ಹೆಸರು ಕೇಳಿದರೆ ಇದು ಗಣಕ ವಿಜ್ಞಾನದವರಿಗೆ ಮಾತ್ರ ಅಂತ ಅನಿಸಬಹುದು. ನಾನು ಹೇಳಹೊರಟಿರುವುದು ಒಂದು ಚರಿತ್ರೆ. ಪ್ರೊಫಂಕ್ಟರ್ ಎಂಬ ಪರಿಕಲ್ಪನೆ ಹ್ಯಾಸ್ಕೆಲ್‌ನಂಥ ಟೈಪುಳ್ಳ ಫಂಕ್ಷನಲ್ ಭಾಷೆಗಳಿಗೆ ಬಂದದ್ದು ತೀರಾ ಈಚೆಗೆ. ಅದರ ಹಿಂದಿರುವ ಪ್ರಶ್ನೆ ಮಾತ್ರ ಹಳೆಯದು. ಎರಡು ಸಂಬಂಧಗಳನ್ನು ಒಂದರ ಮುಂದೊಂದು ಇಟ್ಟರೆ ಮೂರನೆಯದು ಹೇಗೆ ಹುಟ್ಟುತ್ತದೆ? ಆಗ ನಡುವೆ ನಿಂತವರು ಏನಾಗುತ್ತಾರೆ? ಈ ಪ್ರಶ್ನೆಯನ್ನು ತೇಣಿ, ಕಂಬಂ ಕಣಿವೆ, ದಿಂಡಿಗಲ್ ಸೀಮೆಯನ್ನು ಮುಂದಿಟ್ಟುಕೊಂಡು ನೋಡೋಣ. ಯಾಕೆ ಆ ಸೀಮೆ ಅಂತ ಈಗ ಹೇಳುತ್ತೇನೆ.

1. ಮದುರೆ, 1806

ಸಂಬಂಧಗಳ ತರ್ಕಕ್ಕೆ ಮೊದಲ ಸಾಂಕೇತಿಕ ರೂಪ ಕೊಟ್ಟವರಲ್ಲಿ ಪ್ರಮುಖ ಅಗಸ್ಟಸ್ ಡಿ ಮಾರ್ಗನ್. ಆತ ಹುಟ್ಟಿದ್ದು 1806ರ ಜೂನ್ 27ರಂದು, ಮದುರೆಯಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿದ್ದವರು. ಇವತ್ತಿನ ದಿಂಡಿಗಲ್ ಮತ್ತು ತೇಣಿ ಜಿಲ್ಲೆಗಳೆರಡೂ ಹಳೆಯ ಮದುರೆ ಜಿಲ್ಲೆಯಿಂದ ಒಡೆದು ಬಂದವು. ದಿಂಡಿಗಲ್ 1985ರಲ್ಲಿ, ತೇಣಿ 1996ರಲ್ಲಿ. ಹಾಗಂತ ಮದುರೆಯ ನಂಟುತನದ ಪದಗಳೇ ಆತನ ತರ್ಕವನ್ನು ಹುಟ್ಟಿಸಿದವು ಎಂದು ನಾನು ವಾದಿಸುತ್ತಿಲ್ಲ. ಕೂಸಾಗಿದ್ದಾಗಲೇ ಆತನನ್ನು ಇಂಗ್ಲೆಂಡಿಗೆ ಕರೆದೊಯ್ದರು. ಆದರೆ ಆತ 1860ರ ಪ್ರಬಂಧದಲ್ಲಿ ಎತ್ತಿದ ಪ್ರಶ್ನೆಗೆ ಆತ ಹುಟ್ಟಿದ ಸೀಮೆಯಲ್ಲೇ ತುಂಬ ಒಳ್ಳೆಯ ಉದಾಹರಣೆಗಳಿವೆ. ನನ್ನ ಕುತೂಹಲ ಅಷ್ಟೇ.

ಆ ಪ್ರಬಂಧ ಹೇಳುವುದೇನು? ‘ಲ’ ಒಂದು ಸಂಬಂಧ, ‘ಮ’ ಇನ್ನೊಂದು. ‘ಮ ಆದವರೊಬ್ಬರಿಗೆ ಲ ಆಗಬೇಕಾದವರು’ ಎಂದರೆ ಅದೂ ಒಂದು ಸಂಬಂಧವೇ. ಇದೇ ಜೋಡಣೆ. ಜೊತೆಗೆ ಪ್ರತಿ ಸಂಬಂಧಕ್ಕೂ ಒಂದು ತಿರುವು ಇದೆ: ನಾನು ನಿಮಗೆ ಮಾವನಾದರೆ ನೀವು ನನಗೆ ಅಳಿಯ ಅಥವಾ ಸೊಸೆ. ಜೋಡಿಸಿದ ಸಂಬಂಧವನ್ನು ತಿರುವಿದರೆ ಬಿಡಿಭಾಗಗಳ ಕ್ರಮವೂ ಹಿಂದುಮುಂದಾಗುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2. ಕನ್ನಡದ ‘ನ’ಕಾರ

ಕಂಬಂ ಕಣಿವೆಯ ಕಪ್ಪಿಲಿಯರು, ದಿಂಡಿಗಲ್ ಮದುರೆ ಕಡೆಯ ಅನುಪ್ಪರು ಕನ್ನಡ ಮನೆಮಾತಿನ ಬೇಸಾಯಗಾರ ಸಮುದಾಯಗಳು ಎಂದು ಶತಮಾನದ ಹಿಂದಿನ ಬರಹಗಳೇ ದಾಖಲಿಸಿವೆ. ಡಬ್ಲ್ಯು. ಫ್ರಾನ್ಸಿಸ್ ಬರೆದ ಮದುರೆ ಗೆಜೆಟಿಯರ್ 1906ರದ್ದು, ಎಡ್ಗರ್ ಥರ್ಸ್ಟನ್ನರ ಸಂಪುಟಗಳು 1909ರವು. ಕಂಬಮಿನ ಪವಿತ್ರ ದನದ ಹಿಂಡಿಗೆ ತಮಿಳಿನಲ್ಲಿ ‘ತಂಬಿರಾನ್ ಮಾಡು’, ಕನ್ನಡದಲ್ಲಿ ‘ದೇವರ ಆವು’. ಹಿಂಡು ಒಂದೇ, ಹೆಸರು ಎರಡು. ಊರಿನ ವ್ಯವಹಾರವೆಲ್ಲ ತಮಿಳು, ಮನೆಯೊಳಗೆ ಕನ್ನಡ.

ಈಗ ‘ಅಪ್ಪನ ತಂಗಿಯ ಮಗಳು’ ಅನ್ನಿ. ಕನ್ನಡ ನನ್ನಿಂದ ಹೊರಟು ಅಪ್ಪ, ತಂಗಿ, ಮಗಳು ಅಂತ ನಡೆದ ಕ್ರಮದಲ್ಲೇ ಪದಗಳನ್ನಿಡುತ್ತದೆ. ತಮಿಳೂ ಹಾಗೆಯೇ. ಇಂಗ್ಲಿಷಿನಲ್ಲಿ ‘ಆಫ್’ ಬಳಸಿ ಹೇಳಿದರೆ ಮಗಳು ಮೊದಲು ಬಂದು ಅಪ್ಪ ಕೊನೆಗೆ ಬರುತ್ತಾನೆ. ಗಣಿತದಲ್ಲಿ ಫಂಕ್ಷನ್‌ಗಳನ್ನು ಜೋಡಿಸಿ ಬರೆಯುವ ರೂಢಿಯೂ ಅಂಥದ್ದೇ: ಮೊದಲು ನಡೆಯುವ ಫಂಕ್ಷನ್ ಬಲಕ್ಕೆ. ಹ್ಯಾಸ್ಕೆಲ್‌ನಲ್ಲಿ ಚುಕ್ಕಿ ಹಾಕಿ ಜೋಡಿಸಿದರೂ ಬಲದಿಂದ ಎಡಕ್ಕೆ ಓದಬೇಕು. ಹೊಸಬರು ಅಲ್ಲಿ ಎಡವುತ್ತಾರೆ. ಎಡದಿಂದ ಬಲಕ್ಕೆ ಜೋಡಿಸುವ >>> ಚಿಹ್ನೆಯೂ ಅದೇ ಭಾಷೆಯಲ್ಲಿದೆ. ಕನ್ನಡದ ಮಗು ಷಷ್ಠಿ ವಿಭಕ್ತಿಯ ಜೊತೆಗೇ ಈ ಎರಡನೆಯ ಬಗೆಯ ಜೋಡಣೆಯನ್ನು ಕಲಿತಿರುತ್ತದೆ.

ಒಂದು ಭೇದ ಗಮನಿಸಿ. ‘ಅಪ್ಪ’ ಫಂಕ್ಷನ್: ಯಾರನ್ನು ಕೊಟ್ಟರೂ ಒಬ್ಬನೇ ಉತ್ತರ. ‘ತಂಗಿ’ ಫಂಕ್ಷನ್ ಅಲ್ಲ, ಬರಿಯ ಸಂಬಂಧ: ಇಲ್ಲದಿರಬಹುದು, ನಾಲ್ವರೂ ಇರಬಹುದು. ಎಲ್ಲ ಫಂಕ್ಷನ್‌ಗಳೂ ಸಂಬಂಧಗಳೇ. ಎಲ್ಲ ಸಂಬಂಧಗಳೂ ಫಂಕ್ಷನ್‌ಗಳಲ್ಲ.

3. ಒಳಗೆ ಕನ್ನಡ, ಹೊರಗೆ ತಮಿಳು

ಪ್ರೊಫಂಕ್ಟರ್ ಎಂದರೆ ಎರಡು ಬಾಗಿಲಿನ ಪೆಟ್ಟಿಗೆ ಎಂದುಕೊಳ್ಳಿ. ‘ಪ ಅ ಬ’ ಎಂದು ಬರೆದರೆ ಅ ಒಳಗೆ ಹೋಗುತ್ತದೆ, ಬ ಹೊರಗೆ ಬರುತ್ತದೆ. ಮನೆಯ ಲೆಕ್ಕ ನೋಡುವ ಅಜ್ಜಿ ಕನ್ನಡದಲ್ಲಿ ಕೇಳಿಸಿಕೊಂಡು ಕನ್ನಡದಲ್ಲೇ ಉತ್ತರಿಸುತ್ತಾಳೆ. ಅವಳ ಲೆಕ್ಕ ತಮಿಳಿನ ವ್ಯಾಪಾರಿಗೂ ಸಿಗಬೇಕಾದರೆ ಎರಡು ಅನುವಾದ ಬೇಕು. ಮುಂಬಾಗಿಲಲ್ಲಿ ತಮಿಳು → ಕನ್ನಡ, ಹಿಂಬಾಗಿಲಲ್ಲಿ ಕನ್ನಡ → ತಮಿಳು. ನೋಡಿ, ಎರಡೂ ಕಡೆ ನಮ್ಮ ಉದ್ದೇಶ ಕನ್ನಡವನ್ನು ತಮಿಳಾಗಿಸುವುದೇ. ಆದರೂ ಒಳಬರುವ ಕಡೆ ಬಾಣ ತಿರುಗಿ ನಿಲ್ಲುತ್ತದೆ. ಹ್ಯಾಸ್ಕೆಲ್‌ನವರು ಈ ಎರಡು ಬದಿಯ ಹೊಂದಾಣಿಕೆಯನ್ನು ‘ಡೈಮ್ಯಾಪ್’ ಅನ್ನುತ್ತಾರೆ. ಅಜ್ಜಿಯ ಲೆಕ್ಕಕ್ಕೆ ಯಾರೂ ಕೈಹಾಕಲಿಲ್ಲ ಅನ್ನುವುದು ಇಲ್ಲಿ ಮುಖ್ಯ.

4. ಜೋಡಿ

1977ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಾನ್ ಬ್ಯಾಕಸ್ ತನ್ನ ಉಪನ್ಯಾಸವನ್ನು 1978ರಲ್ಲಿ ಪ್ರಕಟಿಸಿದ. ಫೋರ್ಟ್ರಾನ್ ಕಟ್ಟಿದವನೇ ಅಲ್ಲಿ ಆ ಬಗೆಯ ಭಾಷೆಗಳನ್ನು ಟೀಕಿಸಿ, ಫಂಕ್ಷನ್‌ಗಳನ್ನು ಜೋಡಿಸುವುದೇ ಕಾರ್ಯಕ್ರಮ ರಚನೆ ಎಂದ. ಆತನ ಮುಖ್ಯ ಸಾಧನಗಳಲ್ಲಿ ಎರಡು ನಮಗೆ ಬೇಕು: ಒಂದರ ಹಿಂದೊಂದು ಜೋಡಿಸುವುದು, ಒಂದೇ ವಸ್ತುವಿನ ಮೇಲೆ ಹಲವು ಫಂಕ್ಷನ್ ನಡೆಸಿ ಉತ್ತರಗಳನ್ನು ಸಾಲಾಗಿ ಕಟ್ಟುವುದು. ನನ್ನಿಂದ ಹೊರಟರೆ (ಅಮ್ಮ, ಅಪ್ಪ) ಎಂಬ ಜೋಡಿ. ಎಡಗಡೆಯವಳಿಂದ ಅವಳ ಅಪ್ಪನಿಗೆ, ಬಲಗಡೆಯವನಿಂದ ಅವನ ಅಮ್ಮನಿಗೆ ಹೋದರೆ (ಅಮ್ಮನ ಅಪ್ಪ, ಅಪ್ಪನ ಅಮ್ಮ). ಜೋಡಿ ಕಟ್ಟಿ ಆಮೇಲೆ ಒಂದೊಂದು ಬದಿಯಲ್ಲಿ ನಡೆದರೂ, ಎರಡು ದಾರಿಯನ್ನೂ ಪೂರ್ತಿ ನಡೆದು ಆಮೇಲೆ ಜೋಡಿ ಕಟ್ಟಿದರೂ ಫಲ ಒಂದೇ.

2000ದಲ್ಲಿ ಜಾನ್ ಹ್ಯೂಸ್ ‘ಆರೋ’ಗಳನ್ನು ತಂದಾಗ ಕೇಳಿದ್ದು ಇನ್ನೂ ಸಣ್ಣದು. ಅ → ಬ ಕೆಲಸವೊಂದು ಗೊತ್ತಿದ್ದರೆ, ಪಕ್ಕದಲ್ಲಿ ಕ ಎಂಬುದನ್ನು ಹಾಗೇ ಹೊತ್ತುಕೊಂಡು (ಅ, ಕ) → (ಬ, ಕ) ಕೆಲಸ ಮಾಡಬಹುದೇ? ಬೋಡಿನಾಯಕನೂರಿನ ಏಲಕ್ಕಿ ಹರಾಜನ್ನು ನೆನೆಯಿರಿ. ಮಾದರಿಯನ್ನು ಜರಡಿ ಹಿಡಿದು ಗಾತ್ರ ನೋಡುತ್ತಾರೆ, ಬಣ್ಣ ನೋಡುತ್ತಾರೆ. ಲಾಟ್ ನಂಬರು ಮಾತ್ರ ಜೊತೆಗೇ ಬರುತ್ತದೆ, ಬದಲಾಗುವುದಿಲ್ಲ. ಬದಲಾದರೆ ಒಬ್ಬರ ಮಾಲಿನ ದುಡ್ಡು ಇನ್ನೊಬ್ಬರಿಗೆ ಹೋಗುತ್ತದೆ. ಹೀಗೆ ಪಕ್ಕದ್ದನ್ನು ಕೆಡಿಸದೆ ಹೊರಬಲ್ಲ ಪ್ರೊಫಂಕ್ಟರ್‌ಗೆ ‘ಸ್ಟ್ರಾಂಗ್’ ಎಂದು ಹೆಸರು. 2017ರಲ್ಲಿ ಪಿಕರಿಂಗ್, ಗಿಬ್ಬನ್ಸ್, ವೂ ಪ್ರಕಟಿಸಿದ ಪ್ರೊಫಂಕ್ಟರ್ ಆಪ್ಟಿಕ್ಸ್ ಪ್ರಬಂಧದಲ್ಲಿ, ದೊಡ್ಡ ದಾಖಲೆಯ ಒಂದು ಭಾಗವನ್ನಷ್ಟೇ ತಿದ್ದಿ ಉಳಿದದ್ದನ್ನು ಹಾಗೇ ಬಿಡುವ ‘ಲೆನ್ಸ್’ಗೆ ಇದೇ ಗುಣ ಆಧಾರ.

5. ನಡುವಿನವರು

ಈಗ ಮೊದಲ ಪ್ರಶ್ನೆಗೆ ಮರಳೋಣ. ಡಿ ಮಾರ್ಗನ್ನನ ಜೋಡಣೆಯಲ್ಲಿ ನಡುವಿನ ವ್ಯಕ್ತಿ ‘ಒಬ್ಬರು ಇದ್ದಾರೆ’ ಎಂಬಷ್ಟಕ್ಕೆ ಇಳಿಯುತ್ತಾರೆ. ಇವರಿಬ್ಬರಿಗೆ ಸಂಬಂಧ ಉಂಟೋ ಇಲ್ಲವೋ, ಅಷ್ಟೇ ಉತ್ತರ. ಎಷ್ಟು ದಾರಿಯಲ್ಲಿ, ಯಾರ ಮೂಲಕ ಎಂಬುದು ಅಳಿಸಿಹೋಗುತ್ತದೆ. ಜಾನ್ ಬೆನಬೂ 1973ರಲ್ಲಿ ‘ಡಿಸ್ಟ್ರಿಬ್ಯೂಟರ್’ ಎಂಬ ಹೆಸರಿನಲ್ಲಿ ಪ್ರೊಫಂಕ್ಟರ್‌ಗಳ ಬಗ್ಗೆ ಉಪನ್ಯಾಸ ಕೊಟ್ಟ. ಅಲ್ಲಿ ಹೌದು/ಇಲ್ಲಗಳ ಜಾಗಕ್ಕೆ ದಾರಿಗಳ ಗಣವೇ ಬಂದು ಕೂರುತ್ತದೆ. ಹ್ಯಾಸ್ಕೆಲ್‌ನಲ್ಲಿ ಎರಡು ಪ್ರೊಫಂಕ್ಟರ್‌ಗಳ ಜೋಡಣೆ ಎಂದರೆ ಒಂದು ಟ್ಯೂಪಲ್: (ಅದಿಂದ ನಡುವಿನವರೆಗೆ, ನಡುವಿನಿಂದ ಬವರೆಗೆ). ನಡುವಿನ ಟೈಪ್ ಯಾವುದೆಂದು ಹೊರಗಿನವರಿಗೆ ಕಾಣದು, ಆದರೆ ಜೋಡಿಯ ಎರಡು ಭಾಗಗಳೂ ಉಳಿದಿರುತ್ತವೆ.

ಇದಕ್ಕೊಂದು ನಿಯಮವಿದೆ. ಬೆಳೆಗಾರ ಒಣಗಿಸಿದ ಏಲಕ್ಕಿ ಕಳಿಸುತ್ತಾನೆ, ಖರೀದಿದಾರನಿಗೆ ಜರಡಿಯಾದ ಏಲಕ್ಕಿ ಬೇಕು. ಜರಡಿ ಹಿಡಿಯುವ ಕೆಲಸವನ್ನು ಬೆಳೆಗಾರನ ಕಡೆಗೆ ಸೇರಿಸಿ ಬರೆದರೂ ಖರೀದಿದಾರನ ಕಡೆಗೆ ಸೇರಿಸಿ ಬರೆದರೂ ಒಟ್ಟು ದಾರಿ ಒಂದೇ. ಹಾಗೆ ಬರೆದ ಎರಡು ಜೋಡಿಗಳನ್ನು ಒಂದೆಂದೇ ಎಣಿಸಬೇಕು. ನಿಜವಾಗಿ ಬೇರೆಯಾದ ದಾರಿಗಳನ್ನು ಬೇರೆಯಾಗಿಯೇ ಇಡಬೇಕು. ಯಾವುದು ಒಂದೇ, ಯಾವುದು ಬೇರೆ ಎಂದು ತೀರ್ಮಾನಿಸುವುದೇ ಇಲ್ಲಿನ ಅಸಲು ಕೆಲಸ.

6. ‘ಅತ್ತೆ’ ಎಂಬ ತೀರ್ಮಾನ

ಭಾಷೆಯೂ ಅಂಥ ತೀರ್ಮಾನಗಳನ್ನು ಮಾಡುತ್ತದೆ, ನಿಯಮ ಬೇರೆ ಅಷ್ಟೇ. ಅಪ್ಪನ ತಂಗಿ ಅತ್ತೆ. ಸೋದರಮಾವನ ಹೆಂಡತಿ ಅತ್ತೆ. ಗಂಡನ ಅಥವಾ ಹೆಂಡತಿಯ ತಾಯಿಯೂ ಅತ್ತೆ. ಮೂರು ದಾರಿ, ಒಂದು ಹೆಸರು. 1871ರಲ್ಲಿ ಲೂಯಿಸ್ ಹೆನ್ರಿ ಮಾರ್ಗನ್ ತಮಿಳು, ತೆಲುಗು, ಕನ್ನಡದ ಪಟ್ಟಿಗಳನ್ನು ಅಚ್ಚು ಹಾಕಿಸಿದಾಗ ಈ ವ್ಯವಸ್ಥೆ ಪಶ್ಚಿಮದ ವಿದ್ವಾಂಸರ ಕಣ್ಣಿಗೆ ಬಿತ್ತು. 1914ರಲ್ಲಿ ರಿವರ್ಸ್ ಇದನ್ನು ಸೋದರಸಂಬಂಧದ ಮದುವೆಯಿಂದ ವಿವರಿಸಿದ. ಮದುರೆಯ ಪಶ್ಚಿಮಕ್ಕಿರುವ ಪ್ರಮಲೈ ಕಳ್ಳರ್ ಸಮುದಾಯದಲ್ಲಿ ಕ್ಷೇತ್ರಕಾರ್ಯ ಮಾಡಿದ ಲೂಯಿ ದ್ಯುಮೋಂ 1953ರ ಪ್ರಬಂಧದಲ್ಲಿ, ಈ ಪದಗಳು ರಕ್ತಸಂಬಂಧದಷ್ಟೇ ಮದುವೆಯ ನಂಟನ್ನೂ ಹೇಳುತ್ತವೆ ಎಂದು ವಾದಿಸಿದ. ಮಾವನ ಮಗಳನ್ನು ತಂದುಕೊಂಡರೆ ಸೋದರಮಾವನ ಹೆಂಡತಿಯೇ ಹೆಂಡತಿಯ ತಾಯಿ. ಪದ ಆ ಮದುವೆಯನ್ನು ಮುಂಚೆಯೇ ಲೆಕ್ಕಕ್ಕೆ ಹಿಡಿದಿದೆ.

ಇದರಲ್ಲಿ ಪಣಕ್ಕಿರುವುದು ಏನು? ಚಿಕ್ಕಪ್ಪನ ಮಗಳು ತಂಗಿ. ಅವಳೊಂದಿಗೆ ಮದುವೆಯ ಮಾತೇ ಇಲ್ಲ. ಮಾವನ ಮಗಳು ತಂಗಿಯಲ್ಲ. ಅವಳನ್ನು ಕೇಳುವುದು ರೂಢಿ. ಇಂಗ್ಲಿಷಿನ ಅರ್ಜಿ ನಮೂನೆ ಇಬ್ಬರನ್ನೂ ‘ಕಸಿನ್’ ಎಂಬ ಒಂದು ಖಾನೆಗೆ ತಳ್ಳುತ್ತದೆ. ಒಂದು ಕುಟುಂಬದ ವಂಶಾವಳಿಗೆ ತಂತ್ರಾಂಶ ಬರೆಯುವವರು ಆ ಖಾನೆಯನ್ನೇ ಟೈಪ್ ಮಾಡಿಕೊಂಡರೆ, ಆ ಕುಟುಂಬಕ್ಕೆ ಬೇಕಾದ ಭೇದ ಮೊದಲ ದಿನವೇ ಹೋಯಿತು. ಆಮೇಲೆ ಎಷ್ಟು ಜಾಣ ಫಂಕ್ಷನ್ ಬರೆದರೂ ಅದು ವಾಪಸ್ ಬರುವುದಿಲ್ಲ. ಅಪ್ಪ, ಅಮ್ಮ, ಮದುವೆ, ಇಂಥ ಬಿಡಿ ಕೊಂಡಿಗಳನ್ನು ಉಳಿಸಿಕೊಂಡು ದಾರಿಗಳನ್ನು ಜೋಡಿಸಿದರೆ ‘ಅತ್ತೆ’ಯನ್ನೂ ಹೇಳಬಹುದು, ‘ಕಸಿನ್’ ಅನ್ನೂ ಹೇಳಬಹುದು. ಕನ್ನಡ ಲಿಪಿ ಬಾರದೆಯೂ ಮನೆಯಲ್ಲಿ ಕನ್ನಡ ಆಡುವವರಿಗೆ ಈ ಪದಗಳು ಭಾಷೆಯ ಗಟ್ಟಿ ಭಾಗ. ಅವರ ದಾಖಲೆಯನ್ನು ನಾವು ಯಾವ ಟೈಪಿನಲ್ಲಿ ಬರೆಯುತ್ತೇವೆ ಎಂಬುದು ಸಣ್ಣ ಮಾತಲ್ಲ.

ಸಂವಾದದಿಂದ

ಚಾಟ್‌ನಲ್ಲಿ ಒಬ್ಬರು ಕೇಳಿದ್ದಾರೆ: ‘ಅಕ್ಕನ ಮಗಳನ್ನು ಮದುವೆಯಾಗುವ ಕಡೆ ಈ ಲೆಕ್ಕ ಮುರಿಯುವುದಿಲ್ಲವೇ?’ ಒಳ್ಳೆಯ ಪ್ರಶ್ನೆ. ಹಾಗೆ ಮದುವೆಯಾದವನಿಗೆ ಅಕ್ಕನೇ ಅತ್ತೆ. ಆದರೆ ಅದರಿಂದ ಭಾಷೆಯಲ್ಲಿ ‘ಅಕ್ಕ’ ಮತ್ತು ‘ಅತ್ತೆ’ ಒಂದಾಗುವುದಿಲ್ಲ. ಒಬ್ಬ ವ್ಯಕ್ತಿಗೆ ಎರಡು ದಾರಿ ತಲುಪಿದೆ, ಅಷ್ಟೇ. ವ್ಯಕ್ತಿ ಒಬ್ಬಳಾದ ಮಾತ್ರಕ್ಕೆ ದಾರಿಗಳನ್ನು ಒಂದು ಮಾಡಿದರೆ ಇಡೀ ಪದವ್ಯವಸ್ಥೆ ಕುಸಿಯುತ್ತದೆ. ಹೌದು/ಇಲ್ಲ ಸಾಲದು, ದಾರಿಗಳನ್ನೇ ಇಟ್ಟುಕೊಳ್ಳಬೇಕು ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನ್ನಲ್ಲಿಲ್ಲ.

ಇನ್ನೊಬ್ಬರ ಪ್ರಶ್ನೆ: ‘ಹಾಗಾದರೆ ನಂಟುತನವೇ ಪ್ರೊಫಂಕ್ಟರ್ ಅನ್ನಬಹುದೇ?’ ಅಷ್ಟು ದೂರ ಹೋಗಬೇಡಿ. ಸಂಬಂಧ ಎಂಬುದು ಹೌದು/ಇಲ್ಲಗಳಲ್ಲಿ ಬೆಲೆ ಪಡೆಯುವ ಸರಳ ಪ್ರೊಫಂಕ್ಟರ್, ಇದು ಗಣಿತ. ನಂಟುತನದ ಪದಗಳು ದಾರಿಗಳನ್ನು ಗುಂಪು ಮಾಡುವ ಬಗೆ ಅದಕ್ಕೆ ಹತ್ತಿರದ ಕೆಲಸ, ಇದು ಹೋಲಿಕೆ. ಎರಡನ್ನೂ ಬೇರೆಯಾಗಿ ಇಟ್ಟುಕೊಂಡರೆ ಹೋಲಿಕೆಯಿಂದ ಕಲಿಯಲು ಬೇಕಾದಷ್ಟಿದೆ.