ಮದ್ದಿನ ತೂಕವೂ ಪ್ರತಿಮಾನವೂ

ತುಲೆ, ಅಂಗುಲಿ, ಪ್ರಸ್ಥ ಎಂಬ ಮೂರರಿಂದ ಮಾನವು ಏರ್ಪಡುವುದೆಂದು ಅಮರಸಿಂಹನು ಹೇಳಿರುವನು. ತೂಗುವುದು ಬೇರೆ, ಅಳೆಯುವುದು ಬೇರೆ ಎಂಬ ಈ ಭೇದವು ಕನ್ನಡ ನಾಡಿನ ಸಂತೆಯಲ್ಲಿಯೂ ಬಹುಕಾಲ ಉಳಿದಿದ್ದಿತು. ರಾಗಿಯನ್ನು ಸೇರಿನಿಂದ ಅಳೆಯುತ್ತಿದ್ದರು, ಚಿನ್ನವನ್ನು ಗುಲಗಂಜಿಯಿಟ್ಟು ತೂಗುತ್ತಿದ್ದರು. ಪಾಶ್ಚಾತ್ಯ ದೇಶಗಳಲ್ಲಿ ಕೋವಿಮದ್ದು ರಾಗಿಯ ಪಂಕ್ತಿಯನ್ನು ಬಿಟ್ಟು ಚಿನ್ನದ ಪಂಕ್ತಿಗೆ ಸೇರಿದುದೂ, ಕಡೆಗೆ ಇಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಗೆ ಬಂದುದೂ ವಿಚಾರಾರ್ಹವಾದ ಇತಿಹಾಸವಾಗಿದೆ. ಇದನ್ನು ವಿಮರ್ಶಿಸಿದರೆ, ಯಂತ್ರವು ಸೂಕ್ಷ್ಮವಾದಷ್ಟೂ ಹಳೆಯ ತೂಕದ ಕಲ್ಲಿನ ಅವಶ್ಯಕತೆಯು ಹೆಚ್ಚಿತೇ ಹೊರತು ಕಡಮೆಯಾಗಲಿಲ್ಲವೆಂಬುದು ಸ್ಪಷ್ಟವಾಗುವುದು.

ಪೆಟ್ಲುಪ್ಪು, ಗಂಧಕ, ಇದ್ದಲುಗಳಿಂದಾದ ಕರಿಯ ಮದ್ದನ್ನು ಕೋವಿಗೆ ತುಂಬುವಾಗ ಅಳೆಯುವುದೇ ವಾಡಿಕೆಯಾಗಿದ್ದಿತು. ಅಮೆರಿಕದ ಸೈನ್ಯವು 1873ರಲ್ಲಿ ಅಂಗೀಕರಿಸಿದ .45-70 ಎಂಬ ತೋಟಾದ ಹೆಸರಿನ ಎರಡನೆಯ ಅಂಕವು 70 ಗ್ರೇನ್ ಕರಿಮದ್ದನ್ನು ಸೂಚಿಸುವುದು. ಆ ದೇಶದ ಬಯಲುಗಳಲ್ಲಿದ್ದ ಬೇಟೆಗಾರರು, ಹಾರಿಸಿದ ಮೇಲೆ ಉಳಿದ ಹಿತ್ತಾಳೆಯ ಕೋಶವನ್ನು ಎಸೆಯದೆ, ಸಣ್ಣ ಬಟ್ಟಲಿನಿಂದ ಅಳೆದ ಮದ್ದನ್ನು ಅದಕ್ಕೆ ಮತ್ತೆ ತುಂಬಿಕೊಳ್ಳುತ್ತಿದ್ದರು. ಕೋಶವು ತುಂಬುವಷ್ಟು ಮದ್ದನ್ನು ಹಾಕುವುದೇ ಕ್ರಮವಾಗಿದ್ದುದರಿಂದ ಅಳತೆಯಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ಅಪಾಯವುಂಟಾಗುತ್ತಿರಲಿಲ್ಲ.

ಇಲ್ಲಿ ಗ್ರೇನ್ ಎಂದರೆ ಧಾನ್ಯದ ಕಾಳು. ಜವೆಯ ಕಾಳಿನಿಂದ ಹುಟ್ಟಿದ ಈ ಮಾನವು 7000 ಸೇರಿದರೆ ಒಂದು ಪೌಂಡು. 1833ರ ಕಂಪೆನಿಯ ಶಾಸನವು ತೊಲವನ್ನು 180 ಗ್ರೇನುಗಳೆಂದು ಗೊತ್ತುಮಾಡಿತು. ಕೌಟಿಲ್ಯನೂ ಉದ್ದಿನ ಕಾಳಿನಿಂದ, ಗುಂಜೆಯಿಂದ, ಬಿಳಿಯ ಸಾಸಿವೆಯಿಂದ ತೂಕವನ್ನು ಆರಂಭಿಸಿರುವುದರಿಂದ, ಎರಡು ಖಂಡಗಳ ತಕ್ಕಡಿಗಳೂ ಹೊಲದಿಂದಲೇ ಹೊರಟುವೆಂದು ಹೇಳಬಹುದು.

1884ರಲ್ಲಿ ಫ್ರಾನ್ಸಿನ ಪಾಲ್ ವಿಯೇಲ್ ಎಂಬಾತನು ಹೊಗೆಯಿಲ್ಲದ ಮದ್ದನ್ನು ಸಿದ್ಧಪಡಿಸಿದನು. ಇದು ಅದೇ ತೂಕದ ಕರಿಮದ್ದಿಗಿಂತ ಸುಮಾರು ಮೂರು ಪಾಲು ಬಲವುಳ್ಳದ್ದು. ಹಳೆಯ ಬಟ್ಟಲಿಗೆ ಹೊಂದುವಂತೆ ಹಗುರವಾದ ಬಗೆಯನ್ನೂ ಕೆಲವರು ತಯಾರಿಸಿದರು; ದಟ್ಟವಾದ ಬಗೆಯು ಮಾತ್ರ ಆ ಅಳತೆಗೆ ಒಳಪಡಲಿಲ್ಲ. ಹೊಸ ಮದ್ದನ್ನು ಹಳೆಯ ಬಟ್ಟಲಿನಿಂದ ತುಂಬಿದವರ ಕೋವಿಗಳು ಒಡೆದುವು. ಪಿಸ್ತೂಲಿನ ತೋಟಾಕ್ಕೆ ಐದು ಗ್ರೇನ್ ಸಾಕಾಗುವಲ್ಲಿ ಅರ್ಧ ಗ್ರೇನ್ ಹೆಚ್ಚಾದರೂ ಹತ್ತರಲ್ಲೊಂದು ಪಾಲು ಹೆಚ್ಚಾದಂತಾಯಿತು. ಒತ್ತಡವಾದರೋ ಆ ಪ್ರಮಾಣವನ್ನು ಮೀರಿ ಏರುವುದು. ಹೀಗೆ ಮದ್ದು ತಕ್ಕಡಿಯನ್ನು ಬೇಡಿತು.

ಮೊದಲು ಬಂದುದು ದಂಡದ ತಕ್ಕಡಿ. ಒಂದು ಕಡೆ ತಟ್ಟೆ, ಇನ್ನೊಂದು ಕಡೆ ಕಚ್ಚುಗಳ ಮೇಲೆ ಸರಿಯುವ ತೂಕ; ದಂಡದ ಓಲಾಟವನ್ನು ಆಯಸ್ಕಾಂತವು ಅಡಗಿಸುವುದು. ಇದು ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸಬಲ್ಲುದು. ತೊಲಕ್ಕೆ 96 ಗುಲಗಂಜಿಯೆಂದು ಎಣಿಸಿದರೆ, ಇದು ಗುಲಗಂಜಿಯ ಹತ್ತೊಂಬತ್ತನೆಯ ಒಂದು ಪಾಲಿಗೆ ಸಮೀಪವಾದ ಸೂಕ್ಷ್ಮತೆ.

ಇಲೆಕ್ಟ್ರಾನಿಕ್ ತಕ್ಕಡಿಯ ತತ್ತ್ವವು ಬೇರೆ. ಎಳೆದ ತಂತಿಯಲ್ಲಿ ವಿದ್ಯುತ್ತಿಗುಂಟಾಗುವ ತಡೆಯು ಬದಲಾಗುವುದೆಂದು ವಿಲಿಯಂ ಥಾಮ್ಸನ್ 1856ರಲ್ಲಿ ತೋರಿಸಿದನು. 1938ರಲ್ಲಿ ಅಮೆರಿಕದ ಸಿಮನ್ಸ್ ಮತ್ತು ರೂಗೆ ಎಂಬಿಬ್ಬರು ಒಬ್ಬರನ್ನೊಬ್ಬರು ಅರಿಯದೆ ಆ ಗುಣವನ್ನು ಮಾಪಕವಾಗಿ ಮಾಡಿದರು. ತಟ್ಟೆಯ ಭಾರದಿಂದ ಲೋಹದ ಪಟ್ಟಿಯು ಅತ್ಯಲ್ಪವಾಗಿ ಬಾಗುವುದು, ಅದಕ್ಕೆ ಅಂಟಿಸಿದ ತಂತಿಯು ಆ ಬಾಗನ್ನು ವಿದ್ಯುತ್ತಿನ ವ್ಯತ್ಯಾಸವಾಗಿ ತಿಳಿಸುವುದು, ಅದೇ ಅಂಕವಾಗಿ ಕಾಣುವುದು. ತುಲೆಯು ವಸ್ತುವನ್ನು ವಸ್ತುವಿನೊಡನೆ ಹೋಲಿಸುವುದು. ಇದು ಭೂಮಿಯ ಸೆಳೆತವನ್ನು ಮಾತ್ರ ಬಲ್ಲುದು. ಆ ಸೆಳೆತವು ಸಮಭಾಜಕ ವೃತ್ತದಲ್ಲಿರುವುದಕ್ಕಿಂತ ಧ್ರುವದಲ್ಲಿ ಸುಮಾರು 200ರಲ್ಲೊಂದು ಪಾಲು ಹೆಚ್ಚು. ಆದಕಾರಣ ಸ್ಥಳ ಬದಲಾದಾಗ ಗೊತ್ತಾದ ತೂಕವನ್ನಿಟ್ಟು ಯಂತ್ರಕ್ಕೆ ಪಾಠ ಹೇಳಿಕೊಡಬೇಕಾಗುವುದು.

ಆ ಗೊತ್ತಾದ ತೂಕವೇ ಕೌಟಿಲ್ಯನ ಪ್ರತಿಮಾನ. ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದ ಓಲೆಯಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಪಡಿಸಿದ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇದರ ಲಕ್ಷಣವಿದೆ: ತೂಕವು ಕಬ್ಬಿಣದ್ದಾಗಿರಬೇಕು, ಮಗಧ ಮೇಕಲಗಳ ಕಲ್ಲಿನದಾಗಿರಬೇಕು, ಇಲ್ಲವೆ ನೀರಿನಿಂದಲೂ ಲೇಪದಿಂದಲೂ ಹೆಚ್ಚದೆ, ಬಿಸಿಯಿಂದ ಕುಗ್ಗದೆ ಇರುವ ವಸ್ತುವಿನದಾಗಿರಬೇಕು. ನಾಲ್ಕು ತಿಂಗಳಿಗೊಮ್ಮೆ ಮುದ್ರೆ ಹಾಕಿಸಬೇಕು. ತಪ್ಪಿದರೆ ಇಪ್ಪತ್ತೇಳೂಕಾಲು ಪಣ ದಂಡ.

ನೀರು, ಲೇಪ, ಬಿಸಿ ಎಂಬ ಈ ಮೂರು ದೋಷಗಳೇ ಹೊಸ ತಕ್ಕಡಿಯನ್ನೂ ಕಾಡುವುವು. ವಿದ್ಯುತ್ತು ಹರಿದೊಡನೆ ಅದರ ಅಂಗಗಳು ಬೆಚ್ಚಗಾಗುತ್ತ ಅಂಕವು ಜಾರುವುದರಿಂದ, ಅದು ನೆಲೆಗೊಳ್ಳುವವರೆಗೆ ಕಾಯಬೇಕು. ಗಾಳಿ ಬೀಸದ ಸಮತಲದಲ್ಲಿ ಇಡಬೇಕು. ಕೆಲವು ತಕ್ಕಡಿಗಳು ಸಣ್ಣ ಏರಿಳಿತವನ್ನು ತಾವೇ ಸೊನ್ನೆಗೆ ಸರಿಪಡಿಸಿಕೊಳ್ಳುವುದರಿಂದ, ಒಂದೊಂದಾಗಿ ಉದುರಿಸಿದ ಕಣಗಳು ಲೆಕ್ಕಕ್ಕೆ ಬಾರದೆ ಹೋಗಬಹುದು. ತಟ್ಟೆಯನ್ನೆತ್ತಿ ಮತ್ತೆ ಇಟ್ಟು ನೋಡುವುದೇ ಅದಕ್ಕೆ ಪರಿಹಾರ. ಒಣಹವೆಯಲ್ಲಿ ತಿಕ್ಕಾಟದಿಂದ ಹುಟ್ಟುವ ವಿದ್ಯುತ್ತಿನಿಂದ ಕಣಗಳು ತಟ್ಟೆಗೆ ಅಂಟಿಕೊಳ್ಳುವುವು, ಅಂಕವೂ ಕದಲುವುದು.

ಶುದ್ಧಿಯ ವಿಷಯದಲ್ಲಿಯೂ ಇದೇ ನ್ಯಾಯ. ತಟ್ಟೆಗಂಟಿದ ಧೂಳೂ ಜಿಡ್ಡೂ ಲೇಪವೇ ಸರಿ. ಪೀಠದ ಕೆಳಗೆ ಸಿಕ್ಕಿಕೊಂಡ ಕೆಲವು ಕಣಗಳು ಪಟ್ಟಿಯ ಬಾಗನ್ನು ತಡೆದು, ತೂಕವನ್ನು ಕಡಮೆಯಾಗಿ ತೋರಿಸುವುವು; ಅದನ್ನು ನಂಬಿದವನು ಹೆಚ್ಚು ಮದ್ದನ್ನು ಸುರಿಯುವನು. ವಿದ್ಯುತ್ ಸಂಬಂಧವನ್ನು ಕಳಚಿ, ತಟ್ಟೆಯನ್ನೂ ಪೀಠವನ್ನೂ ತೆಗೆದು, ಮೆತ್ತನೆಯ ಕುಂಚದಿಂದ ಕಣಗಳನ್ನು ಹೊರಕ್ಕೆ ಗುಡಿಸಬೇಕು. ಒತ್ತಡದ ಗಾಳಿಯನ್ನು ಊದಿದರೆ ಅವು ಒಳಕ್ಕೇ ಸೇರುವುವು, ಪಟ್ಟಿಗೂ ಘಾತವಾಗುವುದು. ಹೊರಮೈಯನ್ನು ತುಸು ತೇವದ ಬಟ್ಟೆಯಿಂದ ಒರಸಬಹುದು. ಒಳಗೆ ಹನಿಯೂ ಇಳಿಯಕೂಡದು. ಕೊನೆಯಲ್ಲಿ ಪ್ರತಿಮಾನವನ್ನಿಟ್ಟು ಪರೀಕ್ಷಿಸದೆ ಶುದ್ಧಿಯು ಪೂರ್ಣವಾಗದು. ಆ ತೂಕವನ್ನೂ ಬರಿಗೈಯಿಂದ ಮುಟ್ಟಬಾರದು. ಬೆರಳಿನ ಬೆವರೂ ಲೇಪವೇ.

ಸಂತೆಯಲ್ಲಿ ತಕ್ಕಡಿಯು ಸುಳ್ಳು ಹೇಳಿದರೆ ಕೊಳ್ಳುವವನಿಗೆ ಕಾಸಿನ ನಷ್ಟ, ಮಾರುವವನಿಗೆ ದಂಡ. ಮದ್ದಿನ ತಕ್ಕಡಿಯು ಸುಳ್ಳು ಹೇಳಿದರೆ ತೂಗಿದವನ ಕಣ್ಣೇ ದಂಡವಾಗಿ ಸಲ್ಲುವುದು. ಅಲ್ಲಿ ಮುದ್ರೆ ಹಾಕಲು ಪೌತವಾಧ್ಯಕ್ಷನಿಲ್ಲ. ತೂಗುವವನೇ ಆ ಅಧಿಕಾರವನ್ನು ವಹಿಸಬೇಕು.