ಪುಣ್ಯತಿಥಿಯ ಹಾಡು ಮತ್ತು ಪೇಟಿಯ ಮಾಸ್ತರರು

ಅಗಲಿದವರನ್ನು ನೆನೆಯುವ ದಿನಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದೇ ಹೆಸರಿಲ್ಲ. ವೈದಿಕರ ಮನೆಯಲ್ಲಿ ಅದು ಶ್ರಾದ್ಧ; ಶರಣರ ಮಠಗಳಲ್ಲಿ ಪುಣ್ಯಾರಾಧನೆ; ದಾಸರ ಪರಂಪರೆಯಲ್ಲಿ ಆರಾಧನೆ; ದರ್ಗೆಗಳಲ್ಲಿ ಉರುಸು. ಶ್ರಾದ್ಧವೆಂಬ ಶಬ್ದವು ಶ್ರದ್ಧೆಯಿಂದ ಹುಟ್ಟಿದ್ದು. ಶ್ರದ್ಧೆಯಿಂದ ಕೊಡುವದೇ ಶ್ರಾದ್ಧ. ಎಳ್ಳು ನೀರುಗಳು ಆ ಕೊಡುವಿಕೆಯ ಸಾಧನಗಳು ಮಾತ್ರ ಎಂದು ಪಾಠಶಾಲೆಯಲ್ಲಿ ನಮ್ಮ ಗುರುಗಳು ಬಿಡಿಸಿ ಹೇಳಿದ್ದು ಇಂದಿಗೂ ನೆನಪಿದೆ. ಉರುಸೆಂಬುದು ಅರಬ್ಬೀ ಶಬ್ದ; ಅದಕ್ಕೆ ಮದುವೆಯೆಂದು ಅರ್ಥ. ಸಂತನು ದೇಹವನ್ನು ಬಿಟ್ಟ ದಿನವೇ ಆತನಿಗೆ ಪರಮಾತ್ಮನೊಡನೆ ಲಗ್ನವಾದ ದಿನವೆಂಬುದು ಸೂಫಿಗಳ ಭಾವನೆ. ಆದುದರಿಂದಲೇ ಅಲ್ಲಿ ಅಳುವಿಲ್ಲ, ಹಾಡು ಉಂಟು.

ಇಷ್ಟನ್ನು ಮೊದಲು ಹೇಳಿದ್ದಕ್ಕೆ ಕಾರಣವಿದೆ. ನಮ್ಮ ಉತ್ತರ ಕರ್ನಾಟಕದ ಸಂಗೀತಗಾರರು ತಮ್ಮ ಗುರುಗಳ ಪುಣ್ಯತಿಥಿಯನ್ನು ಹಾಡಿಯೇ ಆಚರಿಸುವ ಪದ್ಧತಿಯೊಂದು ಸುಮಾರು ಎಂಬತ್ತು ತೊಂಬತ್ತು ವರ್ಷಗಳಿಂದ ಬೇರೂರಿದೆ. ಈ ಪದ್ಧತಿಯಲ್ಲಿ ಶ್ರಾದ್ಧದ ಶ್ರದ್ಧೆಯೂ ಉರುಸಿನ ಉತ್ಸವವೂ ಕೂಡಿಕೊಂಡಿವೆ. ಹಾಗೆ ಕೂಡಿಕೊಂಡದ್ದು ಆಕಸ್ಮಿಕವಲ್ಲ. ಇದರ ಮೂಲದಲ್ಲಿರುವ ಪುರುಷನು ಒಬ್ಬ ಮುಸಲ್ಮಾನ ಗವಾಯಿ, ಆತನ ಶಿಷ್ಯನು ಒಬ್ಬ ಕನ್ನಡಿಗ ಬ್ರಾಹ್ಮಣ.

ಖಾನಸಾಹೇಬ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ದೂರದ ಉತ್ತರಪ್ರದೇಶದ ಕೈರಾನಾ ಎಂಬ ಊರಿನಲ್ಲಿ. ಕಿರಾಣಾ ಘರಾಣೆ ಎಂಬ ಹೆಸರು ಬಂದದ್ದು ಆ ಊರಿನಿಂದ. ಬಡೋದೆಯ ಆಸ್ಥಾನವನ್ನು ಬಿಟ್ಟ ಮೇಲೆ ತಿರುಗಿ ತಿರುಗಿ ಅವರು ನೆಲೆಸಿದ್ದು ಮಿರಜದಲ್ಲಿ. ಮಿರಜವೆಂದರೆ ನಮಗೆ ಪರದೇಶವಲ್ಲ. ನಮ್ಮ ಕಡೆಯ ಗಾಯಕರ ತಂಬೂರಿಗಳು ಬರುವದು ಅಲ್ಲಿಂದ, ನಮ್ಮ ರೋಗಿಗಳು ಹೋಗುವದು ಅಲ್ಲಿಗೆ. ಮಿರಜದಿಂದ ಧಾರವಾಡಕ್ಕೆ, ಧಾರವಾಡದಿಂದ ಮೈಸೂರು ಆಸ್ಥಾನಕ್ಕೆ ಖಾನಸಾಹೇಬರ ಓಡಾಟವು ನಡೆದೇ ಇತ್ತು. 1937ರ ಅಕ್ಟೋಬರ 27ರಂದು ಮದ್ರಾಸಿನಿಂದ ಪಾಂಡಿಚೇರಿಯ ಕಡೆಗೆ ಪ್ರಯಾಣ ಮಾಡುತ್ತಿರುವಾಗ, ಎದೆನೋವು ಕಾಣಿಸಿಕೊಂಡು, ಸಿಂಗಪೆರುಮಾಳ ಕೋಯಿಲ್ ಎಂಬ ಚಿಕ್ಕ ಸ್ಟೇಶನದಲ್ಲಿ ಇಳಿದು, ಪ್ರಾರ್ಥನೆ ಮಾಡಿ, ದರಬಾರಿ ರಾಗದಲ್ಲಿ ದೇವರ ನಾಮವನ್ನು ಹಾಡುತ್ತ ಅಲ್ಲಿಯೇ ದೇಹವಿಟ್ಟರು. ಅವರನ್ನು ಮಣ್ಣು ಮಾಡಿದ್ದು ಮಿರಜದ ಮೀರಾಸಾಹೇಬ ದರ್ಗೆಯ ಆವರಣದಲ್ಲಿ. ಬದುಕಿರುವಾಗ ಆ ದರ್ಗೆಯ ಉರುಸಿನಲ್ಲಿ ಖಾನಸಾಹೇಬರು ತಾವೇ ಹಾಡುತ್ತಿದ್ದರು; ತೀರಿಕೊಂಡ ಮೇಲೆ ಅದೇ ಉರುಸಿನಲ್ಲಿ ಅವರ ಹೆಸರಿನಲ್ಲಿ ಶಿಷ್ಯ ಪ್ರಶಿಷ್ಯರು ಹಾಡತೊಡಗಿದರು.

ಅವರ ಪಟ್ಟಶಿಷ್ಯರು ಕೈ. ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರು. ನಾಟಕರಂಗದ ಬಾಲಗಂಧರ್ವರಿಗಿಂತ ಇವರು ಕಾಲುಪಟ್ಟು ಹೆಚ್ಚು ಎಂಬ ಅರ್ಥದಲ್ಲಿ ಬಂದ ಬಿರುದದು. ಅಭಿಮಾನಿಗಳ ಲೆಕ್ಕವು ಯಾವಾಗಲೂ ಹೀಗೆಯೇ ಇರುವದು. ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದ ಊರು. ಅಲ್ಲಿಯ ನಾಡಗೀರರ ವಾಡೆಯ ಆಶ್ರಯವು ಈ ಸಂಗೀತಕ್ಕೆ ದೊರೆಯದೆ ಹೋಗಿದ್ದರೆ ಇಂದು ನಾವು ಹೆಮ್ಮೆಯಿಂದ ಹೇಳುವ ಅನೇಕ ಹೆಸರುಗಳು ಇರುತ್ತಿರಲಿಲ್ಲ. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಂಡು ಮತ್ತೆ ರೈಲಿನಲ್ಲಿ ಮನೆಗೆ ಬರುತ್ತಿದ್ದರು. ಭೀಮಸೇನ ಜೋಶಿಯವರ ಕಥೆಯಂತೂ ವಿಚಿತ್ರ. ಹನ್ನೊಂದು ವರ್ಷದ ಹುಡುಗನು ಖಾನಸಾಹೇಬರ ಝಿಂಝೋಟಿ ರಾಗದ ತಟ್ಟೆಯನ್ನು ಕೇಳಿ, ತನಗೂ ಹಾಗೆ ಹಾಡಲು ಬರಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದನು. ಗ್ವಾಲಿಯರ, ಜಾಲಂಧರ ಎಂದು ಅರ್ಧ ಹಿಂದುಸ್ಥಾನವನ್ನು ತಿರುಗಿದ ಮೇಲೆ ವಿನಾಯಕರಾವ ಪಟವರ್ಧನರು, ನಿನ್ನ ಊರಿನ ಬಗಲಲ್ಲಿಯೇ ಸವಾಯಿ ಗಂಧರ್ವರಿರುವಾಗ ಇಲ್ಲಿಗೇಕೆ ಬಂದೆ ಎಂಬಂತೆ ಬುದ್ಧಿ ಹೇಳಿದರು. ಕುಂದಗೋಳವು ಗದಗಿನಿಂದ ಕೆಲವೇ ತಾಸುಗಳ ದಾರಿ!

ಸವಾಯಿ ಗಂಧರ್ವರಿಗೆ 1942ರಲ್ಲಿ ಪಾರ್ಶ್ವವಾಯು ಹೊಡೆದು ಹಾಡುವದು ನಿಂತಿತು. 1952ರ ಸಪ್ಟೆಂಬರ 12ರಂದು ಪುಣೆಯಲ್ಲಿ ಅವರು ತೀರಿಕೊಂಡರು. ಮರುವರ್ಷ, 1953ರಲ್ಲಿ, ಭೀಮಸೇನರ ಮುಂದಾಳುತನದಲ್ಲಿ ಪುಣೆಯಲ್ಲಿ ಪುಣ್ಯತಿಥಿಯ ಸಂಗೀತೋತ್ಸವವು ಸುರುವಾಯಿತು. ಕುಂದಗೋಳದ ವಾಡೆಯಲ್ಲಿಯೂ ಪುಣ್ಯತಿಥಿಯ ಹಾಡು ನಡೆದುಬಂದಿತು. ಪುಣೆಯದು ಬೆಳೆದು ಸಾವಿರಾರು ಜನ ಕೂಡುವ ಮಹೋತ್ಸವವಾಯಿತು. ಕುಂದಗೋಳದ್ದು ವಾಡೆಯಲ್ಲಿಯೇ ಉಳಿಯಿತು. ಯಾವುದು ಶ್ರೇಷ್ಠವೆಂದು ಕೇಳಿದರೆ ನಮ್ಮ ಒಲವು ವಾಡೆಯ ಕಡೆಗೆ. ಎಲ್ಲಿ ಗುರುವು ಪಾಠ ಹೇಳಿದನೋ ಅದೇ ನೆಲದ ಮೇಲೆ ಜಮಖಾನೆ ಹಾಸಿ ಕುಳಿತು ಹಾಡುವದಕ್ಕೂ, ಬೇರೆ ಊರಿನ ಮಂಟಪದಲ್ಲಿ ಹಾಡುವದಕ್ಕೂ ಅಂತರವಿದೆ. ಆದರೂ ಪುಣೆಯವರದೊಂದು ರೂಢಿಯನ್ನು ಮೆಚ್ಚದೆ ಇರಲಾರೆವು: ಉತ್ಸವದ ಕೊನೆಯಲ್ಲಿ ಬದುಕಿರುವ ಗಾಯಕರೆಲ್ಲರ ಹಾಡು ಮುಗಿದ ಮೇಲೆ ಸವಾಯಿ ಗಂಧರ್ವರದೇ ಹಳೆಯ ಧ್ವನಿಮುದ್ರಿಕೆಯೊಂದನ್ನು ಕೇಳಿಸಿ ಮಂಗಳ ಮಾಡುವರು. ತೀರಿಹೋದವರಿಗೇ ಕೊನೆಯ ಮಾತು! 2011ರ ಜನವರಿ 24ರಂದು ಭೀಮಸೇನರೂ ಹೋದರು. ಆ ಬಳಿಕ ಉತ್ಸವದ ಹೆಸರಿನಲ್ಲಿ ಗುರುವಿನ ಹೆಸರಿನೊಡನೆ ಶಿಷ್ಯನ ಹೆಸರೂ ಸೇರಿತು. ಶ್ರಾದ್ಧ ಮಾಡುತ್ತಿದ್ದ ಮಗನು ಒಂದು ದಿನ ತಾನೇ ಪಿತೃಪಂಕ್ತಿಯಲ್ಲಿ ಕೂಡುವಂತೆ.

ಗದಗಿನ ವೀರೇಶ್ವರ ಪುಣ್ಯಾಶ್ರಮದ ಮಾತು ಇನ್ನೊಂದು ಬಗೆಯದು. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1944ರಲ್ಲಿ ಲಿಂಗೈಕ್ಯರಾದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ. ಇಬ್ಬರೂ ಕಣ್ಣಿಲ್ಲದವರು, ಕಣ್ಣಿಲ್ಲದ ಬಡ ಮಕ್ಕಳಿಗೆ ಅನ್ನವನ್ನೂ ಸ್ವರವನ್ನೂ ಕೊಟ್ಟವರು. ಅಲ್ಲಿ ಪುಣ್ಯಸ್ಮರಣೆಯ ರಾತ್ರಿ ಹಾಡುವವರಲ್ಲಿ ಹೆಸರಾಂತ ಗವಾಯಿಯೂ ಉಂಟು, ಸರಿಗಮ ಕಲಿಯುತ್ತಿರುವ ಹುಡುಗನೂ ಉಂಟು.

ಹಾಡುವದು ಹೇಗೆ ಸ್ಮರಣೆಯಾಗುವದು? ಶಾಸ್ತ್ರದಲ್ಲಿ ಮನುಷ್ಯನಿಗೆ ಮೂರು ಋಣಗಳನ್ನು ಹೇಳಿದೆ. ದೇವಋಣವು ಯಜ್ಞದಿಂದ ತೀರುವದು, ಪಿತೃಋಣವು ಸಂತಾನದಿಂದ, ಋಷಿಋಣವು ಅಧ್ಯಯನದಿಂದ. ಈ ಮೂರನೆಯದರ ಸ್ವರೂಪವನ್ನು ಸ್ವಲ್ಪ ವಿಚಾರಿಸಬೇಕು. ಋಷಿಗೆ ನಮ್ಮಿಂದ ಪಿಂಡವು ಬೇಡ, ದಕ್ಷಿಣೆಯೂ ಬೇಡ. ಆತನು ಕೊಟ್ಟ ವಿದ್ಯೆಯನ್ನು ನಾವು ಕೆಡಿಸದೆ ಮತ್ತೆ ಉಚ್ಚರಿಸಿದರೆ ಸಾಕು. ಗುರುವಿನ ಪುಣ್ಯತಿಥಿಯಲ್ಲಿ ಹಾಡುವ ಶಿಷ್ಯನು ಮಾಡುವದು ಇದನ್ನೇ. ಇದರಲ್ಲಿ ಒಂದು ಭಯವೂ ಇದೆ. ಹಾರ ಹಾಕುವವನು ತಪ್ಪು ಮಾಡಲಾರನು, ಭಾಷಣ ಮಾಡುವವನು ತಪ್ಪಿದರೂ ನಡೆಯುವದು. ಆದರೆ ಹಾಡುವವನ ಸ್ವರವು ಕದಲಿದರೆ ಗುರುವಿನ ಮುಂದೆಯೇ ಕದಲಿದಂತೆ.

ಆದರೆ ಈ ಎಲ್ಲ ಪುಣ್ಯತಿಥಿಗಳೂ ಗಾಯಕರವು. ಗಾಯಕನ ಬಲಗಡೆಯೋ ಎಡಗಡೆಯೋ ತಲೆ ಬಗ್ಗಿಸಿ ಕುಳಿತ ಪೇಟಿಯ ಮಾಸ್ತರನ ಪುಣ್ಯತಿಥಿಯನ್ನು ಆಚರಿಸಿದವರಾರು? ಈ ಲೇಖವನ್ನು ಬರೆಯಲು ನಿಜವಾದ ಪ್ರೇರಣೆ ಇದು.

ನಾವು ಪೇಟಿಯೆಂದು ಕರೆಯುವ ಹಾರ್ಮೋನಿಯಂ ಫ್ರಾನ್ಸ ದೇಶದಲ್ಲಿ 19ನೆಯ ಶತಮಾನದ ನಡುವೆ ರೂಪುಗೊಂಡು, ಕಲಕತ್ತೆಯಲ್ಲಿ ಕೈಯಿಂದ ತಿದಿಯೊತ್ತುವ ಚಿಕ್ಕ ರೂಪವನ್ನು ಪಡೆದು, ನಾಟಕ ಕಂಪನಿಗಳ ಹಾಗೂ ಭಜನಾ ಮೇಳಗಳ ಮೂಲಕ ನಮ್ಮ ಹಳ್ಳಿ ಹಳ್ಳಿಗೆ ಬಂದಿತು. ಹಿತ್ತಾಳೆಯ ತೆಳುವಾದ ನಾಲಗೆಯು ಗಾಳಿಗೆ ಅದುರಿ ನಾದ ಕೊಡುವದೇ ಅದರ ಗುಟ್ಟು. ಜಾತ್ರೆಯಲ್ಲಿ ಮಕ್ಕಳು ಕೊಳ್ಳುವ ಬಾಯಿಬಾಜಾ, ಅಂದರೆ ಮೌತ್ ಆರ್ಗನ್ನು, ಇದೇ ಕುಲದ್ದು. ಅಮೇರಿಕೆಯ ಕಪ್ಪು ಜನರು ಆ ಮಕ್ಕಳ ಆಟಿಕೆಯಿಂದಲೇ ತಮ್ಮ ಬ್ಲೂಸ್ ಎಂಬ ದುಃಖದ ಹಾಡಿಗೆ ದೊಡ್ಡ ದನಿಯನ್ನು ಕಟ್ಟಿದರು. ಅದರಲ್ಲಿ ಹೆಸರಾದ ಲಿಟಲ್ ವಾಲ್ಟರನು 1968ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ, ಶಿಕಾಗೋದಲ್ಲಿ ಸತ್ತನು. ಅಲ್ಲಿಯ ವಾದಕರು ಇಂದಿಗೂ ಅಂಥವರ ಹೆಸರಿನಲ್ಲಿ ಕೂಡಿ, ಅವರು ಬಾರಿಸಿದ್ದನ್ನೇ ಬಾರಿಸಿ ನೆನೆಯುವರು. ಅಂಗೈಯಷ್ಟು ವಾದ್ಯದವರಿಗೆ ಅಲ್ಲಿ ಆ ಮರ್ಯಾದೆ ಇರುವಾಗ ನಮ್ಮ ಪೇಟಿಯವರಿಗೆ ಏಕಿಲ್ಲ?

ಪೇಟಿಗೆ ಅಪವಾದವೂ ಬಹಳ. ಅದರ ಸ್ವರಗಳು ಅಚಲ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ ಅದರಲ್ಲಿ ಬಾರದು, ಸೂಕ್ಷ್ಮ ಶ್ರುತಿಗಳು ನಿಲ್ಲವು. ಈ ಆಕ್ಷೇಪವು ಸುಳ್ಳಲ್ಲ. ರವೀಂದ್ರನಾಥ ಠಾಕೂರರಂಥವರೂ ಅದರ ವಿರೋಧಿಗಳೇ. 1940ರಲ್ಲಿ ಆಕಾಶವಾಣಿಯು ಪೇಟಿಯನ್ನು ಹೊರಗೆ ಹಾಕಿತು. 1971ರವರೆಗೂ ಆ ಬಹಿಷ್ಕಾರವು ನಡೆಯಿತು. ಧಾರವಾಡದ ನಿಲಯವು 1950ರಲ್ಲಿ ತೆರೆದಾಗ ಊರೂರಿನ ಮನೆಗಳಲ್ಲಿ ಪೇಟಿಯಿತ್ತು, ನಿಲಯದಲ್ಲಿ ಇರಲಿಲ್ಲ. ಶ್ರುತಿಯ ವಿಷಯದಲ್ಲಿ ಅತಿ ಸೂಕ್ಷ್ಮ ಕಿವಿಯುಳ್ಳ ಅಬ್ದುಲ್ ಕರೀಂ ಖಾನರು ಮಾತ್ರ ಪೇಟಿಯನ್ನು ದೂರಿ ಕೈ ಬಿಡಲಿಲ್ಲ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳ ಪೇಟಿಯನ್ನು ಮಾಡಲು ಹೊರಟಾಗ ಹಾಡಿ ತೋರಿಸಿ ನೆರವಾದವರು ಖಾನಸಾಹೇಬರು. ಆ ಶ್ರುತಿಪೇಟಿಯು ಪ್ರಚಾರಕ್ಕೆ ಬರಲಿಲ್ಲ. ಆದರೆ ಪ್ರಯತ್ನವು ಗೌರವಾರ್ಹ.

ಪೇಟಿಗೆ ಮರ್ಯಾದೆ ತಂದವರಲ್ಲಿ ನಮ್ಮ ನಾಡಿನವರು ಇನ್ನೊಬ್ಬ ರಾಮಭಾವು: ಪಂ. ರಾಮಭಾವು ಬಿಜಾಪುರೆ. ಮನೆತನದ ಹೆಸರು ನಮ್ಮ ಜಿಲ್ಲೆಯದು, ಹುಟ್ಟಿದ್ದು 1917ರಲ್ಲಿ ಬೆಳಗಾವಿ ಜಿಲ್ಲೆಯ ಕಾಗವಾಡದಲ್ಲಿ, ಬಾಳಿದ್ದು ಬೆಳಗಾವಿಯಲ್ಲಿ. ಅಲ್ಲಿ ಸಂಗೀತ ವಿದ್ಯಾಲಯ ನಡೆಸಿ ಅಸಂಖ್ಯ ಮಕ್ಕಳಿಗೆ ಪಾಠ ಹೇಳಿದರು. ರಾಮಕೃಷ್ಣಬುವಾ ವಝೆಯವರ ಕಾಲದಿಂದ ಹಿಡಿದು ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ, ಭೀಮಸೇನ, ಬಸವರಾಜ ರಾಜಗುರು, ಕುಮಾರ ಗಂಧರ್ವರವರೆಗೆ ತಲೆಮಾರು ತಲೆಮಾರಿನ ಗಾಯಕರಿಗೆ ಸಾಥಿ ಮಾಡಿದರು. ಗಾಯಕನು ಎಲ್ಲಿಗೆ ಹೋಗುವನೆಂಬುದನ್ನು ಒಂದು ಮಾತ್ರೆ ಮೊದಲೇ ಅರಿತು, ಅರಿತರೂ ಮುಂದೆ ಹೋಗದೆ, ನೆರಳಿನಂತೆ ಹಿಂದೆಯೇ ನಡೆಯುವದು ಸಾಥಿಯ ಧರ್ಮ. ಮೀಂಡ ಬಾರದ ವಾದ್ಯದಲ್ಲಿ ಮೀಂಡದ ಭ್ರಾಂತಿಯನ್ನು ಹುಟ್ಟಿಸುವದು ಬೆರಳಿನ ತಪಸ್ಸು. ಬಿಜಾಪುರೆಯವರು ಪೇಟಿಯನ್ನು ಒಂಟಿಯಾಗಿ ನುಡಿಸುವದರಲ್ಲಿಯೂ ಹೆಸರಾದವರು. 2010ರ ನವ್ಹೆಂಬರ 19ರಂದು ಅವರು ತೀರಿಕೊಂಡರು. 2009ರ ಜುಲೈದಲ್ಲಿ ಗಂಗೂಬಾಯಿ, 2010ರ ಸಪ್ಟೆಂಬರದಲ್ಲಿ ಪುಟ್ಟರಾಜರು, ನವ್ಹೆಂಬರದಲ್ಲಿ ಬಿಜಾಪುರೆ, 2011ರ ಜನವರಿಯಲ್ಲಿ ಭೀಮಸೇನರು: ಹದಿನೆಂಟು ತಿಂಗಳಲ್ಲಿ ಮನೆಯು ಬರಿದಾಯಿತು. ಬಿಜಾಪುರೆಯವರ ಸುದ್ದಿಯೇ ಅವುಗಳಲ್ಲಿ ಎಲ್ಲಕ್ಕೂ ಚಿಕ್ಕದಾಗಿ ಅಚ್ಚಾದಂತೆ ನಮಗೆ ಕಂಡಿತು. ರವೀಂದ್ರ ಕಾಟೋಟಿ, ಸುಧಾಂಶು ಕುಲಕರ್ಣಿ ಮೊದಲಾದ ಅವರ ಶಿಷ್ಯರು ಇಂದು ಪೇಟಿಯನ್ನು ಸ್ವತಂತ್ರವಾಗಿ ಸಭೆಯ ಮಧ್ಯದಲ್ಲಿ ಇಟ್ಟು ನುಡಿಸುತ್ತಿರುವದೇ ಆ ಗುರುವಿಗೆ ತಕ್ಕ ಶ್ರಾದ್ಧ.

ಆದರೆ ಬಿಜಾಪುರೆಯವರಿಗೆ ಶಿಷ್ಯರಿದ್ದರು. ನಮ್ಮ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಪೇಟಿಯ ಮಾಸ್ತರರಿಗೆ? ನಾವು ಶಾಲೆಯಲ್ಲಿ ಹೊಸದಾಗಿ ನೌಕರಿಗೆ ಸೇರಿದ ಕಾಲಕ್ಕೆ ನಮ್ಮ ತಾಲೂಕಿನ ಒಂದು ಹಳ್ಳಿಯಲ್ಲಿ ಅಂಥವರೊಬ್ಬರಿದ್ದರು. ಹಗಲು ಅಂಗಡಿಯಲ್ಲಿ ಲೆಕ್ಕ ಬರೆಯುವರು, ರಾತ್ರಿ ಭಜನೆಗೆ ಪೇಟಿ ಹಿಡಿಯುವರು. ಸುಗ್ಗಿ ಮುಗಿದರೆ ನಾಟಕದ ಹುಡುಗರಿಗೆ ಹಾಡು ಕಲಿಸುವರು. ಶಾಲೆಯ ಸ್ನೇಹ ಸಮ್ಮೇಳನಕ್ಕೆ ಕರೆದರೆ ಚಹದ ಹೊರತು ಏನನ್ನೂ ಮುಟ್ಟುತ್ತಿರಲಿಲ್ಲ. ಅವರು ಸತ್ತಾಗ ಎಲ್ಲ ವಿಧಿಗಳೂ ನಡೆದವು. ಪೇಟಿಯು ಮಾಡದಲ್ಲಿ ಉಳಿಯಿತು. ವರ್ಷಾಂತಕ್ಕೆ ಭಜನಾ ಮೇಳದವರು ಹೋಗಿ ಅದನ್ನು ಕೆಳಗಿಳಿಸಿದರು. ಇಲಿಗಳು ತಿದಿಯ ಚರ್ಮವನ್ನು ಕಡಿದಿದ್ದವು. ಅರಿವೆಯ ತೇಪೆ ಹಚ್ಚಿ, ಗೋಂದು ಒಣಗುವವರೆಗೆ ಕಾಯ್ದು, ಅವರು ಭಜನೆಗೆ ಕುಳಿತರು. ಎರಡು ಸ್ವರಗಳು ಹೊರಡಲೇ ಇಲ್ಲ. ಆ ಸ್ವರಗಳು ಬಂದಲ್ಲೆಲ್ಲ ಹಾಡುವವರು ತಾವೇ ಒತ್ತಿ ಹೇಳಿ ತುಂಬಿಕೊಂಡರು. ಇಷ್ಟು ವರ್ಷ ಅವರು ನಮ್ಮ ತಪ್ಪು ತುಂಬಿದರಲ್ಲ ಎಂದು ಮೇಳದ ಹಿರಿಯನೊಬ್ಬನು ಅಂದನು. ಮಿರಜ, ಕುಂದಗೋಳಗಳ ವರ್ಣನೆಯನ್ನು ಓದಿದಾಗಲೆಲ್ಲ ನಮಗೆ ನೆನಪಾಗುವದು ಆ ರಾತ್ರಿ.

ಆಗ ಇಂಡಿ ತಾಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಗರತಿಯರ ಬಾಯಲ್ಲಿದ್ದ ಹಾಡುಗಳನ್ನು ಮನೆಮನೆಗೆ ಹೋಗಿ ಬರೆದುಕೊಂಡು 1931ರಲ್ಲಿ ಗರತಿಯ ಹಾಡು ಎಂದು ಅಚ್ಚು ಹಾಕಿಸದಿದ್ದರೆ ಅವು ಆ ಗರತಿಯರೊಡನೆಯೇ ಹೋಗುತ್ತಿದ್ದವು. ಪೇಟಿಯ ಮಾಸ್ತರರ ಹೆಸರುಗಳನ್ನಾದರೂ ಹಾಗೆ ಕೂಡಿಸಬಹುದು. ಭಜನಾ ಮೇಳಗಳ ಹಿರಿಯರು ಇನ್ನೂ ಕೆಲವರಿದ್ದಾರೆ. ಯಾವ ಊರಿನಲ್ಲಿ ಯಾರು ಪೇಟಿ ಹಿಡಿಯುತ್ತಿದ್ದರು, ಯಾವ ನಾಟಕಕ್ಕೆ ಹಾಡು ಕಟ್ಟಿದರು, ಅವರಿಗೆ ಕಲಿಸಿದವರು ಯಾರು ಎಂಬುದು ಅವರ ನೆನಪಿನಲ್ಲಿದೆ. ಈ ಮಾಸಿಕದ ವಾಚಕರಲ್ಲಿ ಅಂಥ ಮಾಹಿತಿಯುಳ್ಳವರು ಒಂದು ಕಾಗದ ಬರೆದು ಸಂಘಕ್ಕೆ ಮುಟ್ಟಿಸಿದರೆ, ಬರುವ ಶ್ರಾವಣದ ಭಜನೆಯ ಹೊತ್ತಿಗೆ ಒಂದು ಯಾದಿಯು ಸಿದ್ಧವಾದೀತು. ನಾವು ಹೇಳಿದ ಮಾಸ್ತರರ ಪೇಟಿಯು ಅದೇ ಹಳ್ಳಿಯಲ್ಲಿ ಅವರ ಮೊಮ್ಮಗನ ಹತ್ತಿರ ಇದೆ. ತಿದಿಯನ್ನು ಹೊಸದಾಗಿ ಹಾಕಿಸಿದ್ದಾನೆ, ಆ ಎರಡು ಸ್ವರಗಳನ್ನು ಮಾತ್ರ ಇನ್ನೂ ರಿಪೇರಿ ಮಾಡಿಸಿಲ್ಲ.