ಪಹಣಿಯ ಕೀಲಿಕೈ ಯಾರ ಕೈಯಲ್ಲಿ?

ಹುಣಸೂರಿನ ಹೊಗೆಸೊಪ್ಪಿನ ಬೆಳೆಗಾರನಿರಲಿ, ಕೃಷ್ಣರಾಜನಗರದ ಬತ್ತದ ರೈತನಿರಲಿ, ಬೆಳೆಸಾಲಕ್ಕೆಂದು ಬ್ಯಾಂಕಿನ ಮೆಟ್ಟಿಲು ಹತ್ತಿದರೆ ಅಲ್ಲಿ ಮೊದಲು ಕೇಳುವುದು ಪಹಣಿಯನ್ನು. ಅದರ ಒಂಬತ್ತನೆಯ ಕಾಲಂನಲ್ಲಿ ಒಡೆಯನ ಹೆಸರು, ಹನ್ನೊಂದರಲ್ಲಿ ಋಣ, ಹನ್ನೆರಡರಲ್ಲಿ ಸಾಗುವಳಿಯ ವಿವರ. ಆ ಹಾಳೆಯಲ್ಲಿ ಒಂದು ಹೆಸರು ತಪ್ಪಿದರೆ ನೆಲ ಕಾಲಡಿಯಲ್ಲೇ ಇದ್ದರೂ ಕೈತಪ್ಪಿದಂತೆಯೇ. ಆದ್ದರಿಂದ ದಾಖಲೆಯನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬ ಪ್ರಶ್ನೆ ಪಹಣಿಯಷ್ಟೇ ಹಳೆಯದು.

ಹಳೆಯ ಮೈಸೂರಿನಲ್ಲಿ ಇದಕ್ಕೆ ಉತ್ತರ ಒಂದೇ: ಶಾನುಭೋಗರು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತವೆಂದು ಹೆಸರು. ಕಚೇರಿಯ ಫೈಲಿಗೆ ಇಂದು ನಾವು ಹೇಳುವ ‘ಕಡತ’ ಅದೇ ಪದ. ಮುಂದೆ ಕಾಗದ ಬಂದಿತಾದರೂ ಲೆಕ್ಕ ಮಾತ್ರ ವಂಶಪಾರಂಪರ್ಯವಾಗಿ ಒಂದೇ ಮನೆಯಲ್ಲಿ ಉಳಿಯಿತು. ಅಕ್ಷರ ಬಾರದ ರೈತನ ಪಾಲಿಗೆ ಅದು ಗೂಢಲಿಪಿ ಇಲ್ಲದೆಯೇ ಗೂಢವಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ಈ ಪರಂಪರೆ ಮುಗಿದು, ದಾಖಲೆ ಸಂಬಳದ ಗ್ರಾಮ ಲೆಕ್ಕಿಗರ ಕೈಗೆ ಬಂದಿತು. ಕೈ ಬದಲಾಯಿತು, ಆದರೆ ಬರೆಯುವವರೂ ತೋರಿಸುವವರೂ ಒಬ್ಬರೇ ಆಗಿರುವ ಪದ್ಧತಿ ಬದಲಾಗಲಿಲ್ಲ.

2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂದಿತು. ರಾಜ್ಯದ ಸುಮಾರು 67 ಲಕ್ಷ ಹಿಡುವಳಿದಾರರ ಎರಡು ಕೋಟಿಯಷ್ಟು ಪಹಣಿಗಳು ಗಣಕಯಂತ್ರಕ್ಕೇರಿದವು. ತಾಲ್ಲೂಕು ಕಚೇರಿಯ ಕಿಂಡಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ದಾಖಲೆ ತಿದ್ದುವ ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೋಗಬೇಕಿತ್ತು. ಗುಪ್ತಪದವಾದರೆ ‘ಬೇರೆಯವರು ಬಳಸಿದರು’ ಎಂದು ನುಣುಚಿಕೊಳ್ಳಬಹುದು, ಬೆರಳಿಗೆ ಆ ಸೌಕರ್ಯವಿಲ್ಲ.

ಇಂತಹ ದತ್ತಾಂಶದ ಉಗ್ರಾಣದೊಂದಿಗೆ ಮಾತನಾಡುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು. ಮಾಹಿತಿಯನ್ನೆಲ್ಲ ಸಾಲು-ಕಾಲಂಗಳ ಕೋಷ್ಟಕವಾಗಿ ಇಡಬಹುದೆಂದು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ತೋರಿಸಿಕೊಟ್ಟರು. ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಅದಕ್ಕೊಂದು ಭಾಷೆ ಕಟ್ಟಿದರು. ಕಮಾಂಡ್ ಲೈನ್ ಎಂಬ ಬರಿಯ ಕಪ್ಪು ಪರದೆಯ ಮೇಲೆ ಆದೇಶದ ಒಂದು ಸಾಲು ಬರೆದರೆ ಸಾಕು: ‘ಪಹಣಿ ಕೋಷ್ಟಕದಲ್ಲಿ, ಸರ್ವೆ ನಂಬರು ಇಂತಹದಾದಲ್ಲಿ, ಒಡೆಯನ ಹೆಸರನ್ನು ಆರಿಸಿ ಕೊಡು.’ ಉತ್ತರ ಕ್ಷಣದಲ್ಲಿ ಬರುತ್ತದೆ.

ಆದರೆ ಯಂತ್ರಕ್ಕೆ ಅಕ್ಷರಶಃ ಕೇಳಿದ್ದಷ್ಟೇ ಗೊತ್ತು. ಕೃಷ್ಣರಾಜನಗರ ತಾಲ್ಲೂಕಿಗೆ ಹಿಂದೆ ಎಡತೊರೆ ಎಂದು ಹೆಸರಿತ್ತು. ಹಳೆಯ ಹೆಸರಿನಲ್ಲಿರುವ ದಾಖಲೆ ಹೊಸ ಹೆಸರಿನಿಂದ ಹುಡುಕಿದರೆ ಸಿಗದು. ‘ಪಿರಿಯಾಪಟ್ಟಣ’ ಮತ್ತು ‘ಪೆರಿಯಾಪಟ್ಟಣ’ ನಮಗೆ ಒಂದೇ ಊರು, ಯಂತ್ರಕ್ಕೆ ಎರಡು. ತಿದ್ದುಪಡಿಯ ಆದೇಶದಲ್ಲಂತೂ ‘ಇಂತಹದಾದಲ್ಲಿ’ ಎಂಬ ಷರತ್ತನ್ನು ಬಿಟ್ಟುಬಿಟ್ಟರೆ ಕೋಷ್ಟಕದ ಎಲ್ಲ ಸಾಲುಗಳೂ ಬದಲಾಗುತ್ತವೆ. ಒಂದು ಪದ ಮರೆತ ಮಾತ್ರಕ್ಕೆ ಇಡೀ ಊರಿನ ಜಮೀನು ಒಬ್ಬನ ಹೆಸರಿಗೆ ನಿಂತೀತು!

ಬೆರಳಚ್ಚು ಬಾಗಿಲನ್ನು ಕಾಯುತ್ತದೆ, ಸರಿ. ಗಣಕದ ಡಿಸ್ಕನ್ನೇ ಯಾರಾದರೂ ಹೊತ್ತೊಯ್ದರೆ? ಅಲ್ಲಿ ಬೇಕಾಗುವುದು ಗೂಢಲಿಪೀಕರಣ. 2001ರಲ್ಲಿ ಅಮೆರಿಕ ಸರ್ಕಾರ ಮಾನಕವಾಗಿ ಒಪ್ಪಿಕೊಂಡ ಎಇಎಸ್ ಎಂಬ ವಿಧಾನವನ್ನು ರೂಪಿಸಿದವರು ಬೆಲ್ಜಿಯಂನ ಡೇಮನ್ ಮತ್ತು ರೈಮನ್. ಅದನ್ನು ಬಳಸುವ ಎಸ್‌ಕ್ಯೂಎಲ್‌ಸೈಫರ್ ಎಂಬ ಸಾಧನದಲ್ಲಿ ಆದೇಶದ ಮೊದಲ ಸಾಲೇ ಕೀಲಿಕೈಯನ್ನು ಒಪ್ಪಿಸುವುದು. ಕೀಲಿ ತಪ್ಪಾದರೆ ‘ತಪ್ಪು ಕೀಲಿ’ ಎಂದು ಅದು ಹೇಳುವುದಿಲ್ಲ, ‘ಈ ಕಡತ ದತ್ತಾಂಶವೇ ಅಲ್ಲ’ ಎಂದುಬಿಡುತ್ತದೆ. ಕೀಲಿ ಇಲ್ಲದವನಿಗೆ ಒಳಗಿರುವುದು ಅರ್ಥವಿಲ್ಲದ ಧೂಳು. ಕೀಲಿ ಹಿಡಿದವರು ವರ್ಗವಾದರೆ ಹೊಸ ಕೀಲಿಯಿಂದ ಇಡೀ ಕಡತವನ್ನು ಮತ್ತೆ ಗೂಢವಾಗಿಸಲೂ ಬರುತ್ತದೆ. ಸಿಗ್ನಲ್ ಎಂಬ ಸಂದೇಶದ ಆ್ಯಪ್ ತನ್ನ ಸಂದೇಶಗಳನ್ನು ಫೋನಿನಲ್ಲಿ ಕಾಪಿಡುವುದೂ ಇದೇ ಸಾಧನದಿಂದ.

ಈ ಭದ್ರತೆಗೆ ಬೆಲೆಯೂ ಇದೆ. 1974ರಲ್ಲಿ ಕಬಿನಿ ಜಲಾಶಯ ಕಟ್ಟಿದಾಗ ಹೆಗ್ಗಡದೇವನಕೋಟೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಆ ಹೊಲಗಳ ಸರ್ವೆ ನಂಬರು ಇಂದು ದಾಖಲೆಯಲ್ಲಷ್ಟೇ ಉಳಿದಿರುವಂಥದು. ಗೂಢಲಿಪಿಯ ಕೀಲಿಯೊಂದು ಕಳೆದುಹೋದರೆ ಅಂತಹ ದಾಖಲೆಯೂ ಮುಳುಗಿದಂತೆ. ಬೀಗ ಮುರಿಯುವ ಕಮ್ಮಾರ ಈ ಲೋಕದಲ್ಲಿಲ್ಲ. ಆದ್ದರಿಂದ ಕೀಲಿಯನ್ನು ಒಬ್ಬರ ಜೇಬಿನಲ್ಲಿ ಮಾತ್ರ ಬಿಡಬಾರದು, ಯಾರು ಯಾವಾಗ ಏನು ಕೇಳಿದರು ಎಂಬುದು ಬರೆದಿಟ್ಟಿರಬೇಕು, ನಕಲು ಬೇರೆಡೆ ಇರಬೇಕು.

ಇಷ್ಟಾಗದಿದ್ದರೆ ಶಾನುಭೋಗರ ಕಡತ ಗಣಕದೊಳಗೆ ಮತ್ತೊಮ್ಮೆ ಒಬ್ಬರ ಮನೆಯ ಸೊತ್ತಾಗುತ್ತದೆ. ಬೀಗ ಎಷ್ಟು ಗಟ್ಟಿ ಎಂದು ಕೇಳುವುದಕ್ಕೆ ಮೊದಲು, ಕೀಲಿಕೈ ಯಾರಲ್ಲಿದೆ ಎಂದು ಕೇಳುವ ಹಕ್ಕು ಆ ಪಹಣಿಯಲ್ಲಿ ಹೆಸರಿರುವ ರೈತನದು.